ಎರಡನೇ ಶನಿವಾರದ ಅಪ್ಪ

ಬ್ಯಾಂಕಿನವರಿಗೆ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. 2015ರ ಸೆಪ್ಟೆಂಬರಿನಿಂದ ಬಂದ ಪದ್ಧತಿ ಇದು. ಇದರಿಂದ ಗಿರಾಕಿಗಳಿಗೆ ಅನುಕೂಲವಾಯಿತೋ ಅನನುಕೂಲವಾಯಿತೋ, ಆ ಚರ್ಚೆ ಇಲ್ಲಿ ಬೇಡ. ರಾಯಚೂರಿನ ಒಂದು ಶಾಖೆಯಲ್ಲಿ ಅಧಿಕಾರಿಯಾಗಿದ್ದು, ಮನೆಯನ್ನು ಮಾತ್ರ ಶಿವಮೊಗ್ಗದಲ್ಲೇ ಬಿಟ್ಟು ಹೋಗಿದ್ದವನೊಬ್ಬನಿಗೆ ಆ ಎರಡು ಶನಿವಾರಗಳೇ ಸಂಸಾರವಾಗಿದ್ದವು. ಶುಕ್ರವಾರ ಸಂಜೆ ಲೆಕ್ಕ ಮುಗಿಸಿ, ಹೆಗಲಿಗೊಂದು ಚೀಲ ಏರಿಸಿ ರಾತ್ರಿ ಬಸ್ಸು ಹಿಡಿದರೆ ಬೆಳಗಿನ ಹಾಲಿನವನಿಗಿಂತ ಸ್ವಲ್ಪ ತಡವಾಗಿ ಮನೆ ಬಾಗಿಲು. ಭಾನುವಾರ ರಾತ್ರಿ ಮತ್ತೆ ಅದೇ ಚೀಲ, ಅದೇ ಬಸ್ಸು.

ಮನೆಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾದ ಹೆಂಡತಿ, ವಯಸ್ಸಾದ ತಾಯಿ, ಮತ್ತು ಮಗಳು ಪುಟ್ಟಿ. ಪುಟ್ಟಿಗೆ ಮುಂದೆ ಶಾಲೆಯ ದಾಖಲಾತಿಗೆ ಬೇಕಾದೀತೆಂದು ನಾಮಕರಣದ ದಿನ ಉದ್ದನೆಯ ಹೆಸರೊಂದನ್ನು ಇಟ್ಟಿದ್ದರು. ಅದು ಸದ್ಯಕ್ಕೆ ಯಾರ ಬಾಯಲ್ಲೂ ಇಲ್ಲ. ಅಪ್ಪನಿಗೆ ರಾಯಚೂರಿಗೆ ವರ್ಗವಾದಾಗ ಅವಳಿಗೆ ಎಂಟು ತಿಂಗಳು. ಅಂಬೆಗಾಲಿಟ್ಟು ಹೊಸಿಲು ದಾಟುವುದನ್ನು ಆಗಷ್ಟೇ ಕಲಿತಿದ್ದಳು. ಹೊಸಿಲು ದಾಟಿದ ಶಾಸ್ತ್ರಕ್ಕೆ ಅಜ್ಜಿ ಏನೋ ಸಿಹಿ ಮಾಡಿ ಓಣಿಯವರಿಗೆಲ್ಲ ಹಂಚಿದ್ದರು. ಆ ಸಿಹಿ ಬಾಯಲ್ಲಿದ್ದಾಗಲೇ ವರ್ಗದ ಆದೇಶ ಬಂತು.

ದೊಡ್ಡವರ ಲೆಕ್ಕದಲ್ಲಿ ಹದಿನೈದು ದಿನ ಏನು ಮಹಾ? ಹೋದ ತಿಂಗಳು ಕೊಟ್ಟ ಅಂಗಿಯನ್ನು ದರ್ಜಿ ಇನ್ನೂ ಹೊಲಿದಿರುವುದಿಲ್ಲ. ಆದರೆ ಒಂದರಿಂದ ಎರಡು ವರ್ಷದೊಳಗಿನ ಮಗುವಿನ ಲೆಕ್ಕವೇ ಬೇರೆ. ಅಪ್ಪ ಒಂದು ಶನಿವಾರ ಬಿಟ್ಟು ಹೋದ ಮಗು ಇನ್ನೊಂದು ಶನಿವಾರ ಸಿಗುತ್ತಿರಲಿಲ್ಲ. ಹೋದಾಗ ಗೋಡೆ ಹಿಡಿದು ನಿಲ್ಲುತ್ತಿದ್ದವಳು ಬಂದಾಗ ಕುರ್ಚಿಯಿಂದ ಕುರ್ಚಿಗೆ ದಾಟುತ್ತಿದ್ದಳು. ಹೋದಾಗ ಅನ್ನವನ್ನು ಉಗುಳುತ್ತಿದ್ದವಳು ಬಂದಾಗ ಅದೇ ಅನ್ನವನ್ನು ಗೊಂಬೆಗೆ ತಿನ್ನಿಸುತ್ತಿದ್ದಳು. ಧಾರಾವಾಹಿಯ ಕಂತುಗಳನ್ನು ಒಂದು ಬಿಟ್ಟು ಒಂದು ನೋಡಿದವರ ಪಾಡು ಅವನದಾಗಿತ್ತು.

ನಡಿಗೆಯ ವಿಷಯವನ್ನೇ ನೋಡಿ. ಹದಿಮೂರು ತಿಂಗಳು ತುಂಬಿದರೂ ಪುಟ್ಟಿ ಕೈಬಿಟ್ಟು ಹೆಜ್ಜೆ ಇಡಲಿಲ್ಲ. ಎದುರು ಮನೆಯ ಹುಡುಗ ಹತ್ತು ತಿಂಗಳಿಗೇ ಓಡಾಡಿದನಂತೆ ಎಂಬ ಸುದ್ದಿ ಅಜ್ಜಿಯ ನಿದ್ದೆ ಕೆಡಿಸಿತು. ಅಟ್ಟದಿಂದ ಮೂರು ಗಾಲಿಯ ಮರದ ಗಾಡಿ ಇಳಿಯಿತು. ಅದನ್ನು ಹಿಡಿದು ನಡೆದೇ ಆ ಮನೆಯ ಎರಡು ತಲೆಮಾರು ದೊಡ್ಡದಾಗಿತ್ತು. ಇಂಥ ಆತಂಕಕ್ಕೆ ಕಾರಣವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದಂತೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮಗು ಯಾರ ಆಸರೆಯೂ ಇಲ್ಲದೆ ನಡೆಯುವುದು ಸುಮಾರು 8 ತಿಂಗಳಿನಿಂದ ಹದಿನೇಳೂವರೆ ತಿಂಗಳಿನ ನಡುವೆ ಯಾವಾಗ ಬೇಕಾದರೂ ಆಗಬಹುದು. ಬೇಗ ನಡೆದ ಮಗು ಜಾಣ, ತಡವಾಗಿ ನಡೆದದ್ದು ದಡ್ಡ ಎಂಬುದಕ್ಕೆ ಅರ್ಥವಿಲ್ಲ. ಆದರೆ ವರದಿಯನ್ನು ನಂಬಿ ಸುಮ್ಮನೆ ಕೂರುವ ಅಜ್ಜಿ ಯಾವ ಊರಿನಲ್ಲಿದ್ದಾರೆ?

ಹದಿನಾಲ್ಕನೆಯ ತಿಂಗಳ ಒಂದು ಬುಧವಾರ ಸಂಜೆ ಪುಟ್ಟಿ ನಡೆದಳು. ಅಮ್ಮ ಶಾಲೆಯಿಂದ ಬಂದು, ಕೈಕಾಲು ತೊಳೆದು, ಕಾಫಿಯ ಲೋಟ ಹಿಡಿದು ಕುಳಿತಿದ್ದಳು. ಮಗಳು ದಿವಾನದ ಅಂಚನ್ನು ಬಿಟ್ಟು, ಎರಡೂ ಕೈಗಳನ್ನು ಕಿವಿಯ ಎತ್ತರಕ್ಕೆ ಎತ್ತಿ, ನಾಲ್ಕು ಹೆಜ್ಜೆ ಇಟ್ಟು ಅಮ್ಮನ ಮಡಿಲಿಗೆ ಬಿದ್ದಳು. "ಅತ್ತೇ! ಅತ್ತೇ, ನೋಡ್ಬನ್ನಿ!" ಎಂದು ಅಮ್ಮ ಕೂಗಿದ ಕೂಗಿಗೆ ಅಡುಗೆ ಮನೆಯಿಂದ ಅಜ್ಜಿ ಓಡಿ ಬಂದರು. ಕಾಫಿ ಚೆಲ್ಲಿತ್ತು. ಅದನ್ನು ಒರೆಸುವ ಗೋಜಿಗೆ ಯಾರೂ ಹೋಗಲಿಲ್ಲ. ರಾತ್ರಿ ಫೋನಿನಲ್ಲಿ ಅಪ್ಪನಿಗೆ ಸುದ್ದಿ ಮುಟ್ಟಿತು. ರಾಯಚೂರಿನ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕುಳಿತು ಅವನು ನಕ್ಕ. ಎರಡನೇ ಶನಿವಾರ ಬರಲು ಇನ್ನೂ ಹತ್ತು ದಿನವಿತ್ತು.

ಆ ಹತ್ತು ದಿನದಲ್ಲಿ ಪುಟ್ಟಿ ಎಷ್ಟು ನಡೆದಿರಬಹುದು? ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಇದನ್ನು ಎಣಿಸಿ ನೋಡಿದ್ದಾರೆ. 12ರಿಂದ 19 ತಿಂಗಳ ಮಕ್ಕಳನ್ನು ತಮ್ಮ ಪಾಡಿಗೆ ಆಡಲು ಬಿಟ್ಟರೆ ಗಂಟೆಗೆ ಸರಾಸರಿ 2,368 ಹೆಜ್ಜೆ ಇಡುತ್ತವೆ, ಸುಮಾರು 700 ಮೀಟರ್ ದೂರ ಸಾಗುತ್ತವೆ, ಮತ್ತು 17 ಸಲ ಬೀಳುತ್ತವೆ. ಗಂಟೆಗೆ 17 ಸಲ! ದೊಡ್ಡವರು ಹೊಸ ವಿದ್ಯೆಯೊಂದನ್ನು ಕಲಿಯಹೊರಟು ಗಂಟೆಗೆ ಎರಡು ಸಲ ಬಿದ್ದರೆ ಮೂರನೆಯ ದಿನ ಆ ಕಡೆ ತಲೆ ಹಾಕುವುದಿಲ್ಲ. ಮಗು ಬೀಳುವುದಕ್ಕೆ ಕಾರಣವೂ ಇದೆ. ಹುಟ್ಟಿದ ಮಗುವಿನ ತಲೆ ಅದರ ಉದ್ದದ ನಾಲ್ಕನೆಯ ಒಂದು ಭಾಗದಷ್ಟಿರುತ್ತದೆ. ಬೆಳೆದ ಮನುಷ್ಯನಲ್ಲಿ ಅದು ಏಳು ಎಂಟನೆಯ ಒಂದು ಭಾಗ. ಅಂದರೆ ತಲೆಯ ಮೇಲೆ ಕೊಡ ಹೊತ್ತವರ ಹಾಗೆ ಅದು ನಡೆಯಬೇಕು. ಗುರುತ್ವ ಕೇಂದ್ರ ಮೇಲಿದ್ದಷ್ಟೂ ವಸ್ತು ಬೇಗ ಉರುಳುತ್ತದೆಂದು ಎಂಟನೆಯ ತರಗತಿಯಲ್ಲಿ ಹೇಳಿಕೊಡುವ ಪಾಠವನ್ನು ಪುಟ್ಟಿ ಹಿಂಬದಿಯಲ್ಲಿ ಕಲಿತಳು. ಪುಣ್ಯಕ್ಕೆ ಆ ಎತ್ತರದಿಂದ ಬಿದ್ದರೆ ಪೆಟ್ಟು ಕಡಿಮೆ. ಬಿದ್ದ ಕೂಡಲೇ ಅಳಬೇಕೋ ಬೇಡವೋ ಎಂದು ಸುತ್ತಲಿನವರ ಮುಖ ನೋಡಿ ತೀರ್ಮಾನಿಸುತ್ತಿದ್ದಳು. ಅಜ್ಜಿ "ಅಯ್ಯೋ" ಎಂದರೆ ಅಳು. "ಇರುವೆ ಸತ್ತುಹೋಯ್ತು ನೋಡು" ಎಂದರೆ ಇರುವೆಯ ಹುಡುಕಾಟ.

ಅಜ್ಜಿ ಓದಿದ್ದು ಏಳನೆಯ ಇಯತ್ತೆಯವರೆಗೆ. ಆದರೆ ಆ ಮನೆಯಲ್ಲಿ ಸರಿಯಾದ ವೈಜ್ಞಾನಿಕ ದಾಖಲೆ ಇಟ್ಟವರು ಅವರೊಬ್ಬರೇ. ಅಡುಗೆ ಮನೆಯ ಬಾಗಿಲ ಪಕ್ಕ ತೂಗುಹಾಕಿದ್ದ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವುದು ಅವರ ಪದ್ಧತಿ. ತಾರೀಖಿನ ಚೌಕದಲ್ಲಿ, ರಾಹುಕಾಲದ ಸಣ್ಣ ಅಕ್ಷರಗಳ ಮೇಲೆಯೇ, 'ಒಂದು ಲೀ.', 'ಒಂದೂವರೆ ಲೀ.' ಎಂದು ಬರೆಯುತ್ತಿದ್ದರು. ಮಗ ಊರು ಬಿಟ್ಟ ಮೇಲೆ ಆ ಚೌಕಗಳಲ್ಲಿ ಇನ್ನೂ ಏನೇನೋ ಸೇರಿತು. 'ಮೇಲಿನ ಹಲ್ಲು.' 'ಕಾಕಾ ಅಂದಳು.' 'ಜ್ವರ, ರಾತ್ರಿ ನಿದ್ದೆ ಇಲ್ಲ.' 'ಚಂದ್ರನ್ನ ತೋರಿಸಿದಳು, ತಾನೇ.' ಅಪ್ಪ ಬಂದ ಶನಿವಾರ ಮೊದಲು ಮಾಡುತ್ತಿದ್ದ ಕೆಲಸ ಕಾಫಿ ಕುಡಿಯುತ್ತ ಆ ಕ್ಯಾಲೆಂಡರ್ ಓದುವುದು. ಹಾಲಿನವನಿಗೆ ಎಷ್ಟು ಬಾಕಿ, ಮಗಳು ಎಷ್ಟು ಬೆಳೆದಳು, ಎರಡೂ ಒಂದೇ ಕಡೆ ಸಿಗುತ್ತಿತ್ತು.

ಇಂಥ ದಾಖಲೆ ಇಟ್ಟವರಲ್ಲಿ ಅಜ್ಜಿಯೇ ಮೊದಲಿಗರಲ್ಲ. ಚಾರ್ಲ್ಸ್ ಡಾರ್ವಿನ್ ತನ್ನ ಮೊದಲ ಮಗ ವಿಲಿಯಂ 1839ರ ಡಿಸೆಂಬರಿನಲ್ಲಿ ಹುಟ್ಟಿದಂದಿನಿಂದ ಮಗುವಿನ ಸೀನು, ಆಕಳಿಕೆ, ಸಿಟ್ಟು, ನಗು ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದ. ಜೀವಜಾತಿಗಳ ಹುಟ್ಟಿನ ಬಗ್ಗೆ ಜಗತ್ತನ್ನೇ ಅಲುಗಾಡಿಸಿದ ಮನುಷ್ಯ ಇವನೇ ಎಂಬುದು ಆ ಟಿಪ್ಪಣಿಗಳನ್ನು ಓದುವಾಗ ಮರೆತುಹೋಗುತ್ತದೆ. ಮೂವತ್ತೇಳು ವರ್ಷ ಅವು ಹಾಗೆಯೇ ಬಿದ್ದಿದ್ದವು. 1877ರಲ್ಲಿ 'ಮೈಂಡ್' ಎಂಬ ಪತ್ರಿಕೆಯಲ್ಲಿ ಲೇಖನವಾಗಿ ಬಂದವು. ಅದರಲ್ಲೊಂದು ಸ್ವಾರಸ್ಯವಿದೆ. ಸರಿಯಾಗಿ ಒಂದು ವರ್ಷ ತುಂಬಿದಾಗ ಆ ಮಗು ಊಟಕ್ಕೆಂದು ತಾನೇ ಒಂದು ಶಬ್ದ ಕಂಡುಹಿಡಿಯಿತಂತೆ: 'ಮಮ್'. ಸಕ್ಕರೆಗೆ 'ಶು-ಮಮ್'. ಇಂಗ್ಲೆಂಡಿನ ಮಗು ಕಂಡುಹಿಡಿದ ಆ ಶಬ್ದ ಕೇಳಿ ನಮ್ಮ ಅಜ್ಜಿಯರು ನಕ್ಕಾರು. 'ಮಮ್ಮು ಉಣ್ಣು' ಎಂದು ಅವರು ಎಷ್ಟು ತಲೆಮಾರಿನಿಂದ ಹೇಳುತ್ತ ಬಂದಿದ್ದಾರೆ! ತುಟಿ ಮುಚ್ಚಿ ತೆರೆದರೆ ಬರುವ ಸದ್ದು ಅದು. ಹಲ್ಲಿಲ್ಲದ, ನಾಲಗೆ ಇನ್ನೂ ಪಳಗದ ಬಾಯಿಗೆ ಅತ್ಯಂತ ಸುಲಭ. ಹಾಗಾಗಿಯೇ ಇರಬೇಕು, ಅಮ್ಮನೂ ಅನ್ನವೂ ಅಷ್ಟೊಂದು ಭಾಷೆಗಳಲ್ಲಿ ತುಟಿಯಿಂದಲೇ ಶುರುವಾಗುತ್ತವೆ.

ಪುಟ್ಟಿಯ ನಿಘಂಟು ಒಂದೂವರೆ ವರ್ಷಕ್ಕೆ ಸುಮಾರು ಇಪ್ಪತ್ತು ಶಬ್ದಗಳದ್ದು. ಆದರೆ ಒಂದೊಂದು ಶಬ್ದಕ್ಕೂ ಆಕೆ ಕೊಟ್ಟಿದ್ದ ವಿಸ್ತಾರವನ್ನು ನೋಡಿದರೆ ಇಪ್ಪತ್ತು ಸಾಕೆನ್ನಿಸುತ್ತಿತ್ತು. 'ಅಂಬಾ' ಎಂದರೆ ಹಸು. ಹಾಗೆಯೇ ಎಮ್ಮೆ, ಮೇಕೆ, ಪಕ್ಕದ ಮನೆಯ ನಾಯಿ, ದೇವಸ್ಥಾನದ ಬಸವಣ್ಣ. 'ಚುಚ್ಚು' ಎಂದರೆ ಸೂಜಿ ಚುಚ್ಚುವ ಡಾಕ್ಟರು, ಸೂಜಿ, ಆಸ್ಪತ್ರೆಯ ಬಣ್ಣದ ಗೋಡೆಯಿರುವ ಯಾವುದೇ ಕಟ್ಟಡ. ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಬಟ್ಟೆ ಅಂಗಡಿಗೆ ಇದೇ ಕಾರಣಕ್ಕೆ ಆ ಮನೆಯವರು ವರ್ಷವಿಡೀ ಹೋಗಲಾಗಲಿಲ್ಲ. ಇದು ದಡ್ಡತನವಲ್ಲ. ನಾಲ್ಕು ಕಾಲಿನದೆಲ್ಲ ಒಂದು ಗುಂಪು ಎಂದು ವಿಂಗಡಿಸುವುದು ಜೀವಶಾಸ್ತ್ರದ ಮೊದಲ ಪಾಠ. ಉಪಜಾತಿಗಳ ವಿವರ ಆಮೇಲೆ.

ವಸ್ತುಗಳನ್ನು ಬೀಳಿಸುವ ಪ್ರಯೋಗವೂ ಆಗಲೇ ನಡೆಯುತ್ತಿತ್ತು. ಜಗಲಿಯ ಮೇಲೆ ನಿಂತು ಒಂದು ಸ್ಟೀಲ್ ಲೋಟ ಬೀಳಿಸುವುದು. ಯಾರಾದರೂ ಎತ್ತಿ ಕೊಡುವುದು. ಮತ್ತೆ ಬೀಳಿಸುವುದು, ಈ ಸಲ ಎಡಗೈಯಿಂದ. ಆಮೇಲೆ ಚಮಚ, ಬಾಳೆಹಣ್ಣು, ಅಜ್ಜಿಯ ಕನ್ನಡಕ. ಸ್ವಿಟ್ಜರ್ಲೆಂಡಿನ ಜಾನ್ ಪಿಯಾಜೆ ಎಂಬ ಮನಶ್ಶಾಸ್ತ್ರಜ್ಞ ತನ್ನ ಮೂವರು ಮಕ್ಕಳು ಹೀಗೆಲ್ಲ ಆಡುವುದನ್ನು ಪಕ್ಕದಲ್ಲೇ ಕುಳಿತು ಬರೆದುಕೊಂಡು, 1930ರ ದಶಕದಲ್ಲಿ ದೊಡ್ಡ ಗ್ರಂಥಗಳನ್ನೇ ಪ್ರಕಟಿಸಿದ. ಮಗು ಸುಮ್ಮನೆ ಬೀಳಿಸುವುದಿಲ್ಲ, ಬೀಳಿಸುವ ರೀತಿಯನ್ನು ಬದಲಿಸುತ್ತ ಏನಾಗುತ್ತದೆಂದು ನೋಡುತ್ತದೆ ಎಂದು ಅವನು ತೋರಿಸಿಕೊಟ್ಟ. ಪಿಯಾಜೆಯ ಮನೆಯಲ್ಲಿ ಬಿದ್ದದ್ದನ್ನು ಎತ್ತಿ ಕೊಡುತ್ತಿದ್ದವರು ಯಾರೋ, ಶಿವಮೊಗ್ಗದಲ್ಲಂತೂ ಸೊಂಟ ನೋವಿನ ಅಜ್ಜಿ. ಒಂದು ಶನಿವಾರ ಅಪ್ಪನ ಬ್ಯಾಂಕಿನ ಗುರುತಿನ ಚೀಟಿ ಕಾಣೆಯಾಗಿ ಮನೆಯೆಲ್ಲ ಜಾಲಾಡಿದರು. ಮರುದಿನ ಬೆಳಿಗ್ಗೆ ಅದು ದೋಸೆ ಹಿಟ್ಟಿನ ಪಾತ್ರೆಯ ತಳದಲ್ಲಿ ಸಿಕ್ಕಿತು. ಹುಳಿ ಚೆನ್ನಾಗಿ ಬಂದಿತ್ತು.

ಕನ್ನಡಿಯ ಕಥೆ ಇನ್ನೂ ಚೆನ್ನ. ದೃಷ್ಟಿಯಾಗದಿರಲೆಂದು ಅಜ್ಜಿ ದಿನವೂ ಸಂಜೆ ಪುಟ್ಟಿಯ ಕೆನ್ನೆಗೆ ಒಂದು ಕಪ್ಪು ಬೊಟ್ಟು ಇಡುತ್ತಿದ್ದರು. ಬೀರುವಿನ ಕನ್ನಡಿಯೆದುರು ನಿಲ್ಲಿಸಿದರೆ ಪುಟ್ಟಿ ಕನ್ನಡಿಯೊಳಗಿನ ಮಗುವಿನ ಬೊಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದಳು. ಗಾಜು ಕೆರೆದದ್ದೇ ಬಂತು. ಇಪ್ಪತ್ತು ತಿಂಗಳಾದಾಗ ಒಂದು ನಾಲ್ಕನೇ ಶನಿವಾರ ಅಪ್ಪ ಅವಳನ್ನು ಅಲ್ಲೇ ನಿಲ್ಲಿಸಿದ್ದ. ಅವಳು ಕನ್ನಡಿ ನೋಡಿದಳು. ಸ್ವಲ್ಪ ಹೊತ್ತು ಅಲುಗಾಡಲಿಲ್ಲ. ಆಮೇಲೆ ಕೈ ನಿಧಾನವಾಗಿ ತನ್ನ ಕೆನ್ನೆಗೇ ಹೋಯಿತು. ಬೊಟ್ಟು ಬೆರಳಿಗಂಟಿತು. ಬೆರಳು ನೋಡಿದಳು, ಕನ್ನಡಿ ನೋಡಿದಳು, ಅಪ್ಪನ ಮುಖ ನೋಡಿದಳು. "ಪುತ್ತಿ" ಎಂದಳು. ಬ್ಯೂಲಾ ಆಮ್‌ಸ್ಟರ್‌ಡಮ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 1972ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದೇ. ಮಕ್ಕಳ ಮೂಗಿನ ಪಕ್ಕಕ್ಕೆ ಬಣ್ಣ ಹಚ್ಚಿ ಕನ್ನಡಿ ತೋರಿಸಿದಳು. ಇಪ್ಪತ್ತರಿಂದ ಇಪ್ಪತ್ತನಾಲ್ಕು ತಿಂಗಳ ಮಕ್ಕಳಲ್ಲಿ ನೂರಕ್ಕೆ 65 ಕನ್ನಡಿಯಲ್ಲಿರುವುದು ತಾವೇ ಎಂದು ಗುರುತಿಸಿದವು. ಅಜ್ಜಿಗೆ ಈ ಪ್ರಯೋಗದ ವಿಷಯ ಗೊತ್ತಿರಲಿಲ್ಲ. ಅವರು ಕ್ಯಾಲೆಂಡರಿನಲ್ಲಿ 'ಬೊಟ್ಟು ಒರಸಿಕೊಂಡಳು, ಮತ್ತೆ ಇಟ್ಟೆ' ಎಂದಷ್ಟೇ ಬರೆದರು. ಅಪ್ಪ ತನ್ನ ಕಣ್ಣಿನಿಂದಲೇ ನೋಡಿದ ದೊಡ್ಡ ಘಟನೆ ಅದೊಂದೇ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಅಪರಿಚಿತನಿಗೂ ಅದನ್ನು ಹೇಳಿದ.

ಉಳಿದ ದಿನಗಳಲ್ಲಿ ಅಪ್ಪ ಇದ್ದದ್ದು ಮೊಬೈಲಿನಲ್ಲಿ. ರಾತ್ರಿ ಎಂಟಕ್ಕೆ ವಿಡಿಯೋ ಕರೆ. ಮೊದಮೊದಲು ಪುಟ್ಟಿ ಪರದೆಯಲ್ಲಿ ಅಪ್ಪನ ಮುಖ ಕಂಡ ಕೂಡಲೇ ಫೋನನ್ನು ತಿರುಗಿಸಿ ಹಿಂಬದಿ ನೋಡುತ್ತಿದ್ದಳು. ಮುಖ ಇಲ್ಲಿದೆ, ಹಾಗಾದರೆ ಮೈ ಎಲ್ಲಿ? ಸರಿಯಾದ ಪ್ರಶ್ನೆ. ಚಕ್ಕುಲಿಯ ಚೂರನ್ನು ಪರದೆಗೆ ಒತ್ತಿ ತಿನ್ನಿಸಲು ನೋಡುತ್ತಿದ್ದಳು. ಅಪ್ಪ ಅಲ್ಲಿಂದ ಬಾಯಿ ತೆರೆದು 'ಆಮ್' ಎನ್ನುತ್ತಿದ್ದ. ಒಂದು ವರ್ಷದ ಮಕ್ಕಳಿಗೆ ಪರದೆಯ ಮುಂದೆ ಕೂರಿಸುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಅಮ್ಮನಿಗೆ ಗೊತ್ತಿತ್ತು. ಆದರೆ ಅಪ್ಪನನ್ನು ಯಾವ ಲೆಕ್ಕಕ್ಕೆ ಸೇರಿಸುವುದು ಎಂಬುದು ತಿಳಿಯದೆ ಹತ್ತು ನಿಮಿಷಕ್ಕೆ ನಿಲ್ಲಿಸುತ್ತಿದ್ದಳು.

ಇಪ್ಪತ್ತೊಂದನೆಯ ತಿಂಗಳ ಹೊತ್ತಿಗೆ ಒಂದು ವಿಚಿತ್ರ ನಡೆಯಿತು. ಪುಟ್ಟಿ ಮೊಬೈಲ್ ಫೋನಿಗೇ 'ಅಪ್ಪ' ಎನ್ನತೊಡಗಿದಳು. ಅಮ್ಮನ ಫೋನು ಅಪ್ಪ. ಅಜ್ಜಿಯ ಗುಂಡಿ ಒತ್ತುವ ಹಳೆಯ ಫೋನೂ ಅಪ್ಪ. ಹಾಲಿನವನ ಜೇಬಿನಲ್ಲಿ ಗಂಟೆ ಬಾರಿಸಿದರೆ ಅದನ್ನು ತೋರಿಸಿ "ಅಪ್ಪ! ಅಪ್ಪ!" ಎಂದು ಕುಣಿಯುವಳು. ಹಾಲಿನವ ಬೆವತುಹೋದ. ಓಣಿಯಲ್ಲೆಲ್ಲ ಇದು ನಗೆಯ ಮಾತಾಯಿತು, ಮನೆಯವರೂ ನಕ್ಕರು. ಆ ಸಲ ಎರಡನೇ ಶನಿವಾರ ಬೆಳಿಗ್ಗೆ ಅಪ್ಪ ಒಳಗೆ ಬಂದಾಗ ಪುಟ್ಟಿ ಅಮ್ಮನ ಸೀರೆಯ ನೆರಿಗೆಯಲ್ಲಿ ಮುಖ ಹುದುಗಿಸಿದಳು. "ನೋಡೇ, ಅಪ್ಪ ಬಂದಿದಾರೆ. ಅಪ್ಪ ಎಲ್ಲಿ, ತೋರ್ಸು?" ಎಂದಳು ಅಮ್ಮ. ಪುಟ್ಟಿ ಒಂದು ಕಣ್ಣಿನಿಂದ ನೋಡಿ, ಮೇಜಿನ ಮೇಲಿದ್ದ ಫೋನಿನ ಕಡೆಗೆ ಬೆರಳು ತೋರಿಸಿದಳು. ಈ ಸಲ ಅಪ್ಪನಿಗೆ ನಗು ಬರಲಿಲ್ಲ.

ಡಾರ್ವಿನ್ನನ ಲೇಖನದಲ್ಲಿ ಇದೂ ಇದೆ. ಮಗನಿಗೆ ಎರಡು ವರ್ಷ ಮೂರು ತಿಂಗಳಾಗುತ್ತ ಬಂದಾಗ ಹತ್ತು ದಿನ ಮನೆಯಲ್ಲಿರದೆ ವಾಪಸು ಬಂದ ಅಪ್ಪನೆದುರು ಆ ಮಗು ನಾಚಿಕೊಂಡಿತಂತೆ. ಕಣ್ಣಿಗೆ ಕಣ್ಣು ಕೊಡದೆ ನೋಟವನ್ನು ಸ್ವಲ್ಪ ಪಕ್ಕಕ್ಕೆ ಹೊರಳಿಸಿತಂತೆ. ತುಸು ಹೊತ್ತಿಗೆಲ್ಲ ತೊಡೆಯೇರಿ ಕುಳಿತು ಮುತ್ತು ಕೊಟ್ಟಿತು, ಎಲ್ಲ ಸರಿಹೋಯಿತು. ಡಾರ್ವಿನ್ ಅದನ್ನು ನಾಚಿಕೆಯ ಮೊದಲ ಉದಾಹರಣೆಯೆಂದು ತಣ್ಣಗೆ ದಾಖಲಿಸಿದ್ದಾನೆ. ಬರೆಯುವಾಗ ಕೈ ನಡುಗಿತೋ ಇಲ್ಲವೋ, ಅದನ್ನು ಬರೆದಿಲ್ಲ. ಪುಟ್ಟಿಯೂ ಅಂದು ಮಧ್ಯಾಹ್ನದ ಹೊತ್ತಿಗೆ ಅಪ್ಪನ ಹೊಟ್ಟೆಯ ಮೇಲೆ ಮಲಗಿ ನಿದ್ದೆ ಹೋದಳು. ಹತ್ತು ದಿನಕ್ಕೆ ಒಂದು ಸಲ ಆಗುವ ನಾಚಿಕೆ ಬೇರೆ, ಹದಿನೈದು ದಿನಕ್ಕೊಮ್ಮೆ ಮತ್ತೆ ಮತ್ತೆ ಪರಿಚಯ ಮಾಡಿಕೊಳ್ಳುವುದು ಬೇರೆ. ಪ್ರತಿ ಎರಡನೇ ಶನಿವಾರ ಅರ್ಧ ದಿನ ಅದಕ್ಕೇ ಹೋಗುತ್ತಿತ್ತು. ಉಳಿದ ಒಂದೂವರೆ ದಿನದಲ್ಲಿ ಅಪ್ಪ ಚಾಕೊಲೇಟು ಕೊಟ್ಟು, ಊಟದ ಹೊತ್ತು ತಪ್ಪಿಸಿ, ರಾತ್ರಿ ಹತ್ತರವರೆಗೆ ಕುದುರೆಯಾಗಿ, ಕೇಳಿದ್ದಕ್ಕೆಲ್ಲ ಹೂಂ ಎಂದು ಹೊರಟುಬಿಡುತ್ತಿದ್ದ. ಸೋಮವಾರ ಬೆಳಿಗ್ಗೆ ಚಾಕೊಲೇಟಿಗಾಗಿ ನೆಲಕ್ಕೆ ಬಿದ್ದು ಹೊರಳಾಡುವ ಮಗುವನ್ನು ಎತ್ತಿಕೊಂಡು ಶಾಲೆಯ ಬಸ್ಸು ತಪ್ಪಿಸಿಕೊಳ್ಳುವುದು ಅಮ್ಮನ ಪಾಲು. "ನಿಮಗೇನ್ರೀ, ಎರಡು ದಿನದ ಹಬ್ಬ. ಪಾತ್ರೆ ತೊಳೆಯೋದು ನಾವು" ಎಂದು ಅವಳು ಒಮ್ಮೆ ಹೇಳಿದಳು. ಸಿಟ್ಟಿನಿಂದಲ್ಲ, ಮಲಗುವ ಮುಂಚೆ, ಸುಸ್ತಾದ ದನಿಯಲ್ಲಿ. ಸಿಟ್ಟಿನಿಂದ ಹೇಳಿದ್ದರೆ ಅವನು ಮರೆತುಬಿಡುತ್ತಿದ್ದ.

ಪುಟ್ಟಿಗೆ ಎರಡು ತುಂಬುವುದಕ್ಕೆ ಸ್ವಲ್ಪ ಮುಂಚೆ ಬಡ್ತಿಯ ಸುತ್ತೋಲೆ ಬಂತು. ಹೆಸರು ಪಟ್ಟಿಯಲ್ಲಿ ಬರುವುದು ಬಹುಮಟ್ಟಿಗೆ ಖಚಿತ. ಸಂಬಳ ಏರುತ್ತದೆ, ಮನೆಸಾಲ ಬೇಗ ತೀರುತ್ತದೆ. ಆದರೆ ಬಡ್ತಿ ಒಪ್ಪಿದರೆ ಕನಿಷ್ಠ ಮೂರು ವರ್ಷ ಹೊರರಾಜ್ಯ. ಅಲ್ಲಿಂದ ಎರಡನೇ ಶನಿವಾರಕ್ಕೂ ಬರಲಾಗುವುದಿಲ್ಲ. ಬೇಡವೆಂದು ಬರೆದುಕೊಟ್ಟರೆ ಮತ್ತೆ ಕೆಲವು ವರ್ಷ ಆ ದಾರಿ ಮುಚ್ಚಿದಂತೆಯೇ. ಜೊತೆಯವರು ಹೇಳಿದ್ದು ಒಂದೇ: "ಮಗು ಚಿಕ್ಕದು, ಅದಕ್ಕೇನು ಗೊತ್ತಾಗುತ್ತೆ? ಈಗ ಹೋಗಿ ಬಂದುಬಿಡಿ. ದೊಡ್ಡವಳಾದ ಮೇಲೆ ಹತ್ತಿರ ಇದ್ದರಾಯ್ತು."

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ದೊಡ್ಡವರ ನೆನಪಿನಲ್ಲಿ ಉಳಿಯುವ ಮೊಟ್ಟಮೊದಲ ಘಟನೆ ಸಾಮಾನ್ಯವಾಗಿ ಮೂರು, ಮೂರೂವರೆ ವರ್ಷದ್ದು. ಅದಕ್ಕಿಂತ ಹಿಂದಿನದೆಲ್ಲ ಅಳಿಸಿಹೋಗಿರುತ್ತದೆ. ಮಗುವಿಗೆ ನೆನಪೇ ಇರುವುದಿಲ್ಲವೆಂದಲ್ಲ. ಡಾರ್ವಿನ್ನನ ಅದೇ ಮಗ ಮೂರು ವರ್ಷ ತುಂಬಿದ ಕೆಲವೇ ದಿನಗಳಲ್ಲಿ, ಆರು ತಿಂಗಳಿಂದ ನೋಡಿರದ ತಾತನ ಚಿತ್ರವನ್ನು ಕಂಡು ಥಟ್ಟನೆ ಗುರುತು ಹಿಡಿದು, ತಾತನ ಮನೆಯಲ್ಲಿ ನಡೆದದ್ದನ್ನೆಲ್ಲ ಸಾಲಾಗಿ ಹೇಳಿದನಂತೆ. ಇರುತ್ತದೆ, ಆಮೇಲೆ ಹೋಗುತ್ತದೆ. ಕುರ್ಚಿಯಿಂದ ಕುರ್ಚಿಗೆ ದಾಟಿದ್ದು, ಚಂದ್ರನನ್ನು ತೋರಿಸಿದ್ದು, ಕನ್ನಡಿಯಲ್ಲಿ ತನ್ನನ್ನು ತಾನು ಕಂಡದ್ದು, ಯಾವುದೂ ಪುಟ್ಟಿಗೆ ನಾಳೆ ನೆನಪಿರುವುದಿಲ್ಲ. ಆ ಎರಡು ಮೂರು ವರ್ಷ ಇರುವುದಾದರೆ ನೋಡಿದವರ ಬಳಿ ಮಾತ್ರ ಇರುತ್ತದೆ. ಜೊತೆಯವರ ಮಾತಿನಲ್ಲಿ ಬಿಟ್ಟುಹೋದ ಇನ್ನರ್ಧ ಇದು.

ಅಪ್ಪ ಇಷ್ಟನ್ನೆಲ್ಲ ಯೋಚಿಸಿದನೆಂದು ಹೇಳಲಾಗದು. ಅವನನ್ನು ಕದಲಿಸಿದ್ದು ಬೇರೆ. ರಾಯಚೂರಿನ ಶಾಖೆಗೆ ತಿಂಗಳಿಗೊಮ್ಮೆ ಒಬ್ಬ ಮುದುಕಿ ಬರುತ್ತಿದ್ದಳು. ಮಗ ಸೊಸೆ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಗುಳೆ ಹೋದವರು. ಅವರು ಕಳಿಸಿದ ದುಡ್ಡು ಬಿಡಿಸಲು ಹೆಬ್ಬೆಟ್ಟು ಒತ್ತಬೇಕು. ಆ ಕಡೆ ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಹೀಗೆ ಹೊರಡುವುದುಂಟು. ಮುದುಕಿಯ ಕಂಕುಳಲ್ಲಿ ಪುಟ್ಟಿಯ ವಯಸ್ಸಿನದೇ ಒಂದು ಗಂಡುಮಗು. ಒಂದು ದಿನ ಅದು ಮುದುಕಿಯ ಕಿವಿಯೋಲೆ ಜಗ್ಗುತ್ತ "ಅವ್ವ, ಅವ್ವ" ಎಂದು ಕರೆಯುತ್ತಿತ್ತು. "ಅಜ್ಜಿ ಅನ್ನೋದಿಲ್ಲೇನು?" ಎಂದು ಅವನು ಸುಮ್ಮನೆ ಕೇಳಿದ. "ಹೆತ್ತಾಕಿ ಹಬ್ಬಕ್ಕ ಬರ್ತಾಳ್ರೀ ಸಾಹೇಬ್ರ. ಬಂದಾಗ ಇದು ಅಂಜಿ ನನ್ನ ಸೆರಗಿನ್ಯಾಗ ಅಡಗ್ತೈತಿ. ಆಕಿ ಹೊರಗ ಹೋಗಿ ಅಳ್ತಾಳ. ಏನ್ ಮಾಡೋದ್ರೀ, ಹೊಟ್ಟಿ ಕೇಳಂಗಿಲ್ಲಲ್ಲ" ಎಂದು ಮುದುಕಿ ಹಣ ಎಣಿಸಿ ಸೊಂಟದ ಚೀಲಕ್ಕೆ ಸೇರಿಸಿದಳು.

ಆ ತಾಯಿಗೆ ಆಯ್ಕೆ ಇರಲಿಲ್ಲ. ಲಾರಿ ಓಡಿಸುವವರಿಗೆ, ಗಡಿಯಲ್ಲಿ ನಿಂತ ಸೈನಿಕರಿಗೂ ಇರುವುದಿಲ್ಲ. ತನಗೆ ಇದೆ ಎಂಬುದು ಅಂದು ಅವನಿಗೆ ಸ್ವಲ್ಪ ನಾಚಿಕೆಯ ವಿಷಯವೆನ್ನಿಸಿತು.

ಮುಂದಿನ ಸಲ ಊರಿಗೆ ಬಂದಾಗ ರಾತ್ರಿ ಊಟವಾದ ಮೇಲೆ ಬಡ್ತಿಯ ವಿಷಯ ತೆಗೆದ. ಹೆಂಡತಿ ಹೋಗಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಮಗಳನ್ನು ಮಲಗಿಸಲು ಎದ್ದುಹೋದಳು. ಅವನು ಅಡುಗೆ ಮನೆಯ ಬಾಗಿಲಲ್ಲಿ ನಿಂತು ಕ್ಯಾಲೆಂಡರಿನ ಹಳೆಯ ಹಾಳೆಗಳನ್ನು ಮಗುಚುತ್ತಿದ್ದ. ವರ್ಷ ಮುಗಿದರೂ ಅಜ್ಜಿ ಅದನ್ನು ಮೊಳೆಯಿಂದ ತೆಗೆದಿರಲಿಲ್ಲ. ಹೊಸದನ್ನು ಅದರ ಮೇಲೆಯೇ ತೂಗುಹಾಕಿದ್ದರು. ಮೊದಲ ಹೆಜ್ಜೆಯ ಬುಧವಾರ ಸಿಕ್ಕಿತು. 'ಒಂದೂವರೆ ಲೀ. ಸಂಜೆ ನಡೆದಳು' ಎಂದಿತ್ತು. ಅದರ ಹಿಂದಿನ ಸೋಮವಾರದ ಚೌಕದಲ್ಲಿ ಹಾಲಿನ ಲೆಕ್ಕದ ಕೆಳಗೆ ಒಂದು ಚುಕ್ಕೆ. ಬೇರೆಲ್ಲೂ ಚುಕ್ಕೆ ಇರಲಿಲ್ಲ.

"ಇದೇನಮ್ಮ?"

ಅಜ್ಜಿ ಒಲೆ ಒರೆಸುತ್ತಿದ್ದರು. ತಿರುಗಿ ನೋಡಿ, ಮಲಗುವ ಕೋಣೆಯ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿದರು. "ಮೆತ್ತಗೆ ಮಾತಾಡೋ. ಅವತ್ತೇ ನಡೆದಳು ಕಣೋ. ಬೆಳಿಗ್ಗೆ ಹನ್ನೊಂದು ಗಂಟೆಗೆ. ನಾನು ಸೊಪ್ಪು ಬಿಡಿಸ್ತಾ ಕೂತಿದ್ದೆ, ಎದುರಿಗೆ ಬಂದು ನಿಂತಳು."

"ಮತ್ತೆ ಹೇಳಲೇ ಇಲ್ವಲ್ಲ?"

"ಹೇಗೆ ಹೇಳ್ಲಿ? ಅವಳು ಇಡೀ ದಿನ ಶಾಲೆಯಲ್ಲಿ ಊರ ಮಕ್ಕಳಿಗೆ ಅಕ್ಷರ ಹೇಳ್ಕೊಟ್ಟು ಬರ್ತಾಳೆ. ತನ್ನ ಮಗಳು ನಡೆದಿದ್ದನ್ನ ಅತ್ತೆ ಬಾಯಿಂದ ಕೇಳಬೇಕಾ? ಎರಡು ದಿನ ಸುಮ್ನಿದ್ದೆ. ಅವಳ ಕಣ್ಣಿಗೇ ಬೀಳಲಿ ಅಂತ. ಬಿತ್ತಲ್ಲ."

ಬುಧವಾರ ಸಂಜೆ ಅಡುಗೆ ಮನೆಯಿಂದ ಓಡಿ ಬಂದು, ಗಲ್ಲದ ಮೇಲೆ ಕೈಯಿಟ್ಟು, "ಅಯ್ಯೋ ನನ್ನ ಕಂದಾ" ಎಂದು ಅಜ್ಜಿ ಬೆರಗಾದದ್ದನ್ನು ಹೆಂಡತಿ ಎಷ್ಟೋ ಸಲ ವರ್ಣಿಸಿದ್ದಳು. ಅವನು ಹಾಳೆಯನ್ನು ಮೊದಲಿನ ಹಾಗೆ ಮುಚ್ಚಿದ. "ನೀನೂ ಹೇಳ್ಬೇಡ ಮತ್ತೆ" ಎಂದರು ಅಜ್ಜಿ. ಬಡ್ತಿಯ ವಿಷಯವಾಗಿ ಅವರು ಒಂದು ಮಾತೂ ಆಡಲಿಲ್ಲ.

ಮರುವಾರ ಅವನು ಬಡ್ತಿ ಬೇಡವೆಂದು ಬರೆದುಕೊಟ್ಟ. ಹತ್ತಿರದ ಊರಿಗೆ ವರ್ಗ ಕೋರಿ ಇನ್ನೊಂದು ಅರ್ಜಿಯನ್ನೂ ಜೊತೆಗಿಟ್ಟ. ಜೊತೆಯವರಲ್ಲಿ ಒಬ್ಬಿಬ್ಬರು ಎದುರಿಗೇ ನಕ್ಕರು. ಇಂಥ ಅರ್ಜಿಗಳಿಗೆ ಆನೆಯ ನಡಿಗೆ. ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳೂ ಅದೇ ಚೀಲ, ಅದೇ ಬಸ್ಸು. ಆ ನಡುವೆ ಪುಟ್ಟಿ ಎರಡು ಶಬ್ದ ಸೇರಿಸಿ ಮಾತು ಕಟ್ಟಲು ಕಲಿತಳು, 'ನಾನು' 'ನೀನು' ಅದಲು ಬದಲು ಮಾಡಿಕೊಂಡಳು. ಎತ್ತಿಕೊಳ್ಳಬೇಕೆಂದರೆ "ನಿನ್ನ ಎತ್ಕೋ" ಎಂದು ಕೈ ಚಾಚುವಳು. ದೊಡ್ಡವರು ತನಗೆ ಹೇಳುವುದು 'ನೀನು' ಎಂದಲ್ಲವೇ, ಹಾಗಾದರೆ ತಾನು ನೀನೇ. ತರ್ಕದಲ್ಲಿ ತಪ್ಪಿಲ್ಲ. ಎಲ್ಲರೂ ತಿದ್ದಿದರು, ಅಪ್ಪ ಮಾತ್ರ ತಿದ್ದಲಿಲ್ಲ. ಮುಂದಿನ ಸಲ ಬರುವಷ್ಟರಲ್ಲಿ ಅದು ಹೋಗಿರುತ್ತದೆಂದು ಅವನಿಗೆ ಗೊತ್ತಿತ್ತು. ಹೋಗಿತ್ತು.

ಭದ್ರಾವತಿಗೆ ವರ್ಗವಾಯಿತು. ಶಿವಮೊಗ್ಗದಿಂದ ಸುಮಾರು 20 ಕಿಲೋಮೀಟರ್. ಮೊದಲ ದಿನ ಕೆಲಸ ಮುಗಿಸಿ ಸಂಜೆ ಏಳೂವರೆಗೆ ಬಂದಾಗ ಪುಟ್ಟಿ ಬಾಗಿಲಿಗೆ ಓಡಿ ಬಂದಳು, ಶನಿವಾರ ಎಂದುಕೊಂಡಿರಬೇಕು. ಎರಡನೆಯ ದಿನವೂ ಬಂದಳು. ಮೂರನೆಯ ದಿನ ಬಂದು ಅಪ್ಪನ ಚೀಲ ತಡಕಿ, ಒಳಗೆ ಡಬ್ಬಿ ಮತ್ತು ಛತ್ರಿ ಬಿಟ್ಟರೆ ಏನೂ ಇಲ್ಲದ್ದನ್ನು ಕಂಡು ಮುಖ ಸಣ್ಣದು ಮಾಡಿದಳು. ಚಾಕೊಲೇಟಿಲ್ಲ ಎಂದದ್ದಕ್ಕೆ ನೆಲಕ್ಕೆ ಬಿದ್ದು ಅರ್ಧ ಗಂಟೆ ಅತ್ತಳು. ಅವಳನ್ನು ಎತ್ತಿಕೊಂಡು ಹಿತ್ತಲಲ್ಲಿ ಸುತ್ತು ಹಾಕಿದ್ದು ಅಪ್ಪ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು, ನೆರವಿಗೆ ಬರಲಿಲ್ಲ.

ತಿಂಗಳು ಕಳೆದಿರಬೇಕು. ಒಂದು ಸಂಜೆ ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಪುಟ್ಟಿ ನಡುಮನೆಯಲ್ಲಿ ಪಾತ್ರೆಗಳನ್ನೆಲ್ಲ ಹರವಿಕೊಂಡು, ದೊಡ್ಡ ಮುಚ್ಚಳವನ್ನು ಸಣ್ಣ ಡಬ್ಬಿಯ ಒಳಗೆ ತುರುಕುವ ಕೆಲಸದಲ್ಲಿದ್ದಳು. ತಲೆ ಎತ್ತಿ ನೋಡಿದಳು. "ಅಪ್ಪ ಬಂತು" ಎಂದು ಯಾರಿಗೋ ವರದಿ ಕೊಡುವವಳ ಹಾಗೆ ಹೇಳಿ, ಮತ್ತೆ ಮುಚ್ಚಳದ ಕಡೆ ತಿರುಗಿದಳು. ಏಳಲಿಲ್ಲ, ನಾಚಲಿಲ್ಲ, ಫೋನಿನ ಕಡೆ ಬೆರಳು ತೋರಿಸಲಿಲ್ಲ. ಅವನು ಅವಳ ಪಕ್ಕ ನೆಲದ ಮೇಲೆ ಕುಳಿತು, ಸರಿಯಾದ ಮುಚ್ಚಳ ಹುಡುಕಿ ಕೊಡಲು ಕೈ ಚಾಚಿದ.

"ಬೇಡ. ನೀನು ಹೋಗು" ಎಂದಳು ಪುಟ್ಟಿ.

ಅವನು ಕೈ ಹಿಂದಕ್ಕೆ ತೆಗೆದುಕೊಂಡು ಅಲ್ಲೇ ಕುಳಿತ.